ಬುಡ ಮುಚ್ಚದ ಬಾಣ

ಬಾಣ ಡೊಂಕಾಗಿದೆ ಎಂಬ ಸುದ್ದಿ ಕುರುಗೋಡಿಗೆ ಬಸ್ಸಿನಲ್ಲಿ ಬಂತು. ತಂದವಳು ಯಂಕಮ್ಮ, ಸುಂಕಣ್ಣನ ದೂರದ ನಾದಿನಿ, ಹಚ್ಚೊಳ್ಳಿಗೆ ನೆಂಟರ ಮನೆಗೆ ಹೋಗಿ ಹಿಂದಿರುಗಿದವಳು. ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಹೆಂಗಸೇ ಅಲ್ಲ ಅವಳು. ಆದರೂ ಅವತ್ತು ಸುಂಕಣ್ಣನ ಕಟ್ಟೆಯ ಮೇಲೆ ಗಂಟು ಇಳಿಸಿ, ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಆಮೇಲೆ ಮಾತು ತೆಗೆದಳು.

"ಮಾವಾ, ನಿನ್ನ ಮಗಳ ಬಾಣ ಡೊಂಕಾಗೇತಿ. ಮಾನೌಮಿ ದಿನ ಬಳಗದ ಅಣ್ಣತಮ್ಮಂದಿರು ಇಳಿಸಿ ನೋಡ್ತಾರಲ್ಲ, ಅಷ್ಟರಾಗ ನೆಟ್ಟಗಾಗಲಿಲ್ಲಂದ್ರ ಬಾಣದ ಕೂಡ ಹುಡುಗೀನೂ ಕಳಿಸಿಬಿಡ್ತಾರಂತ. ಪಾರಮ್ಮನ ಬಾಯಿಲೇ ಕೇಳೀನಿ."

ಸುಂಕಣ್ಣ ಆಗ ಅರೆನಿದ್ದೆಯಲ್ಲಿದ್ದ. ಅವನು ಯಾವಾಗ ನೋಡಿದರೂ ಅರೆನಿದ್ದೆಯಲ್ಲೇ ಇರುತ್ತಾನೆಂದು ಓಣಿಯವರು ಆಡಿಕೊಳ್ಳುತ್ತಿದ್ದರು, ಅದು ಪೂರ್ತಿ ಸುಳ್ಳೂ ಅಲ್ಲ. ಕುಸುಬಿ ಎಣ್ಣೆಯನ್ನು ಸಣ್ಣ ಉರಿಯಲ್ಲಿ ಜೇನಿನಷ್ಟು ಗಟ್ಟಿಯಾಗುವ ತನಕ ಕಾಯಿಸುತ್ತ ಕೂತವನಿಗೆ ಕಣ್ಣು ಎಳೆಯದೆ ಇನ್ನೇನಾದೀತು? ಮುಂದೆ ಆ ಎಣ್ಣೆಯ ಹೊಗೆ, ಹಿಂದೆ ಗುಡ್ಡದ ಬಂಡೆಗಳ ಕಾವು. ಎಷ್ಟೋ ಸಲ ಅವನ ಹೆಂಡತಿ, ತೀರಿಹೋಗಿ ವರ್ಷಗಳಾದವಳು, ಆ ಹೊಗೆಯೊಳಗಿಂದ ಬಂದು ಒಲೆಗೆ ಒಂದು ಪುಳ್ಳೆ ಸರಿಸಿ ಹೋಗುತ್ತಿದ್ದಳು. ಅವನೇನೂ ಬೆಚ್ಚುತ್ತಿರಲಿಲ್ಲ. ಉರಿ ಸಣ್ಣಗಿರಲಿ ಮಾರಾಯ್ತಿ ಎನ್ನುತ್ತಿದ್ದ, ಅಷ್ಟೆ. ಆದರೆ ಯಂಕಮ್ಮನ ಮಾತು ಕೇಳಿದ್ದೇ ಅವನ ನಿದ್ದೆ ಹಾರಿಹೋಯಿತು, ಎಣ್ಣೆ ತಳ ಹಿಡಿಯಿತು.

ಈ ಬಾಣದ ವಿಷಯ ತಿಳಿಯದವರಿಗೆ ಸ್ವಲ್ಪ ಹೇಳಬೇಕು. ಸುಂಕಣ್ಣನ ಬಳಗದಲ್ಲಿ ಮದುವೆಯ ದಿನ ಹೆಣ್ಣಿನ ಅಪ್ಪ ಗಂಡಿನ ಮನೆಗೆ ಒಂದು ಬಾಣ ಕೊಡಬೇಕು. ಬೇಟೆಯಾಡುವ ಕಾಲ ಯಾವತ್ತೋ ಹೋಯಿತು, ಬಿಲ್ಲುಗಳು ಒಲೆ ಸೇರಿದವು, ಬಾಣ ಮಾತ್ರ ಹೀಗೆ ಉಳಿದುಕೊಂಡಿತು. ಅದನ್ನು ನಡುಮನೆಯ ಬಾಗಿಲ ಮೇಲೆ ಅಡ್ಡಲಾಗಿ ಕಟ್ಟುತ್ತಾರೆ. ವರ್ಷಕ್ಕೊಮ್ಮೆ ಮಹಾನವಮಿಯ ದಿನ ಬಳಗದವರೆಲ್ಲ ಸೇರಿ ಇಳಿಸಿ, ಕಣ್ಣಿಗೆ ನೇರ ಹಿಡಿದು ನೋಡಿ, ಪೂಜೆ ಮಾಡುತ್ತಾರೆ. ನೆಟ್ಟಗಿದ್ದರೆ ಸೊಸೆ ಆ ಮನೆಗೆ ಒಗ್ಗಿದಳು. ಡೊಂಕಾದರೆ ಅವಳ ಕಾಲ್ಗುಣ ಸರಿಯಿಲ್ಲ. ಯಾವ ಪುಣ್ಯಾತ್ಮ ಹುಟ್ಟಿಸಿದನೋ ಈ ಲೆಕ್ಕವನ್ನು, ಕಟ್ಟಿಗೆಯ ಗುಣಕ್ಕೂ ಹುಡುಗಿಯ ಕಾಲಿಗೂ ಗಂಟು ಹಾಕಿ ತಾನು ಹಾಯಾಗಿ ಹೊರಟುಹೋದ.

ಬಳಗಕ್ಕೆಲ್ಲ ಬಾಣ ಮಾಡಿಕೊಡುತ್ತಿದ್ದುದು ಸುಂಕಣ್ಣನ ಮನೆಯವರು, ಮೊದಲು ಅವನ ಅಪ್ಪ, ಆಮೇಲೆ ಅವನು. ಸಂಡೂರಿನ ಅಡವಿಯಿಂದ ತಡಸಲು ಕಟ್ಟಿಗೆ ತಂದು ನೆರಳಲ್ಲಿ ಒಣಗಿಸಿ, ಗಾಜಿನ ಚೂರಿನಿಂದ ಹೆರೆದು, ಕೆಂಡದ ಕಾವಿಗೆ ಹಿಡಿದು ನೆಟ್ಟಗೆ ಮಾಡಬೇಕು. ಗರಿ ಬಿಗಿದ ನೂಲಿನ ಮೇಲೆ ಅರಗು ಕರಗಿಸಿ ಹಾಕಬೇಕು. ಮೈಗೆಲ್ಲ ಕಾಯಿಸಿದ ಕುಸುಬಿ ಎಣ್ಣೆ ಸವರಿ ಬಿಸಿಲಿಗಿಟ್ಟು, ಒಣಗಿದ ಮೇಲೆ ಮತ್ತೆ ಸವರಿ, ಕಡೆಗೆ ಜೇನುಮೇಣ ಹಚ್ಚಿ ಅಂಗೈ ಬಿಸಿಯಾಗುವ ತನಕ ತಿಕ್ಕಬೇಕು. ಆಗ ಕಟ್ಟಿಗೆಯ ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ ಕಾಣುತ್ತದೆ. ಆದರೆ ಒಂದು ಜಾಗವನ್ನು ಹಾಗೇ ಬಿಡಬೇಕು, ಹೆದೆ ಕೂರುವ ಬುಡವನ್ನು. ಅಲ್ಲಿ ಎಣ್ಣೆಯಿಲ್ಲ, ಅರಗಿಲ್ಲ, ಮೇಣವಿಲ್ಲ. ತವರಿನ ಉಸಿರು ಆ ಬುಡದಿಂದ ಹಾದು ಹೆಣ್ಣುಮಗಳನ್ನು ಮುಟ್ಟುತ್ತದೆ, ಅದನ್ನು ಮುಚ್ಚಿದರೆ ತವರಿನ ಬಾಯಿ ಮುಚ್ಚಿದ ಹಾಗೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಸುಂಕಣ್ಣ ಕೈಯಾರೆ ಎಷ್ಟು ಬಾಣ ಮಾಡಿದನೋ ಅವನಿಗೇ ನೆನಪಿಲ್ಲ, ಬುಡ ಮುಚ್ಚಿದ್ದು ಮಾತ್ರ ಒಂದೂ ಇಲ್ಲ.

ಹೊನ್ನೂರಮ್ಮ ಅವನ ಒಬ್ಬಳೇ ಮಗಳು. ಹೋದ ಬೇಸಿಗೆಯಲ್ಲಿ ಅವಳನ್ನು ಹಚ್ಚೊಳ್ಳಿಯ ಮಲ್ಲಯ್ಯನಿಗೆ ಕೊಟ್ಟಾಗ ಅವಳ ಬಾಣಕ್ಕೆ ಎಣ್ಣೆ ಕುಡಿಸಿದ್ದೇ ಕುಡಿಸಿದ್ದು. ಅಂಥ ಬಾಣ ಡೊಂಕಾಗುವುದೆಂದರೆ? ಅವನು ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಹೋದ. ಹಳೆಯ ಗಾಣದವನ ಹತ್ತಿರ ಒಂದು ಶೀಸೆ ಕುಸುಬಿ ಎಣ್ಣೆ ತುಂಬಿಸಿಕೊಂಡು, ಸಿರುಗುಪ್ಪದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತ.

ಬಸ್ಸು ಕುಲುಕುತ್ತಿತ್ತು, ಅವನ ಕಣ್ಣು ಕೂಡುತ್ತಿತ್ತು, ಬಿಡುತ್ತಿತ್ತು. ಒಂದು ಸಲ ಕಣ್ಣು ಬಿಟ್ಟಾಗ ಜೋಳ, ಹತ್ತಿ, ಕರಿ ಹೊಲ. ಇನ್ನೊಂದು ಸಲ ಬಿಟ್ಟಾಗ ಎಲ್ಲಿ ನೋಡಿದರೂ ನೀರು, ನೀರಿನೊಳಗೆ ಹಸಿರು ಭತ್ತ, ಅದರ ನಡುವೆ ಮೋಡ ಬಿದ್ದುಕೊಂಡಿತ್ತು. ಕಾಲುವೆ ಬರುವ ಮೊದಲು ಅಪ್ಪನ ಕೂಡ ಈ ಸೀಮೆಗೆ ಬಂದದ್ದು ಅವನಿಗೆ ನೆನಪಿತ್ತು. ಆಗ ಇಲ್ಲೂ ಕುಸುಬಿ ಹೂ ಅರಳುತ್ತಿತ್ತು, ಮುಳ್ಳು ಪಂಚೆಗೆ ಸಿಕ್ಕಿಕೊಳ್ಳುತ್ತಿತ್ತು. ಈಗ ಅದೆಲ್ಲ ನೀರಿನ ಕೆಳಗೆ ಎಲ್ಲೋ ಮಲಗಿದೆ ಅನ್ನಿಸಿತು.

ಹಚ್ಚೊಳ್ಳಿಯಲ್ಲಿ ಬೀಗ ಗದ್ದೆಗೆ ಹೋಗಿದ್ದ, ಬೀಗತಿ ಪಾರಮ್ಮ ಬಾಗಿಲಲ್ಲೇ ಸಿಕ್ಕಳು. ಎತ್ತರದ ಹೆಂಗಸು, ಮುಂಗೈ ತುಂಬ ಹಸಿರು ಗಾಜಿನ ಬಳೆ, ಅದರ ಎರಡು ಕೊನೆಗೆ ಒಂದೊಂದು ಕೆಂಪು ಅರಗಿನ ಬಳೆ. ಕಾಲಿಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಮುಖ ಕೊಡಲಿಲ್ಲ.

"ಬರ್ರಿ ಬೀಗರ. ನೀವಾ ನೋಡ್ರಿ, ನಾ ಏನೂ ಹೇಳಂಗಿಲ್ಲ."

ನಡುಮನೆಯ ಬಾಗಿಲ ಮೇಲೆ ಎರಡು ಬಾಣಗಳಿದ್ದವು. ಮೇಲಿನದು ಪಾರಮ್ಮನದು, ಸುಂಕಣ್ಣನ ಅಪ್ಪ ಮಾಡಿದ್ದು, ಈಚಲ ಗರಿಯ ನಡುಕಡ್ಡಿಯಂತೆ ನೆಟ್ಟಗಿತ್ತು. ಇಡೀ ಬಳಗದಲ್ಲಿ ಅದಕ್ಕೆ ಹೆಸರು. ಮದುವೆ ಗೊತ್ತಾದ ಹುಡುಗಿಯರನ್ನು ಕರೆತಂದು ಅದಕ್ಕೆ ಕೈ ಮುಟ್ಟಿಸಿಕೊಂಡು ಹೋಗುತ್ತಿದ್ದರು. ಕೆಳಗಿನದು ಹೊನ್ನೂರಮ್ಮನದು. ಅದು ಬಾಣವೋ ಬಿಲ್ಲೋ ಎಂದು ಕೇಳಬೇಕು, ಹಾಗೆ ಬಾಗಿತ್ತು. ಸುಂಕಣ್ಣ ಅದನ್ನು ಇಳಿಸಿ, ಜ್ವರ ಬಂದ ಕೂಸನ್ನು ಎತ್ತಿಕೊಂಡಂತೆ ಎರಡು ಕೈಯಲ್ಲೂ ಹಿಡಿದ.

ಹಿತ್ತಲಲ್ಲಿ ಮಗಳು ಭತ್ತ ಒಣಹಾಕುತ್ತಿದ್ದಳು. ಅಪ್ಪನನ್ನು ಕಂಡು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಮಗಳ, ಕುರುಗೋಡಿಗೆ ಬರ್ತೀಯೇನವ್ವ? ನಿಂದಾ ಮನಿ, ಯಾರೂ ಏನೂ ಅನ್ನಂಗಿಲ್ಲ."

ಹೊನ್ನೂರಮ್ಮ ಮೊರವನ್ನು ಕೆಳಗಿಟ್ಟಳು. "ಅಪ್ಪಾ, ಮೊದಮೊದಲು ಈ ನೀರು, ಕಪ್ಪಿ ವಟಗುಟ್ಟಾದು, ನಿದ್ದೀನ ಬರ್ತಿರಲಿಲ್ಲ. ಈಗ ಅದಿಲ್ಲಂದ್ರ ನಿದ್ದಿ ಬರಂಗಿಲ್ಲ. ನಿನ್ನ ಅಳಿಯ ನಗಸ್ತಾನ, ಅತ್ತೀನೂ ಕೆಟ್ಟಾಕಿ ಅಲ್ಲ, ಬಾಣ ಬಾಗಿದಾಗಿಂದ ಮಾತಾಡವಲ್ಲಳು, ಅಷ್ಟಾ. ನನಗ ಇಲ್ಲಿಂದ ಹೋಗಾಕ ಮನಸಿಲ್ಲ. ನೀ ಅದನ್ನ ನೆಟ್ಟಗ ಮಾಡಪ್ಪ."

ಮಗಳು ಬೇರೆ ಸೀಮೆಯ ನಿದ್ದೆಗೆ ಒಗ್ಗಿಬಿಟ್ಟಿದ್ದಾಳೆಂದು ಸುಂಕಣ್ಣನಿಗೆ ಸಂತೋಷವಾಯಿತು. ಸಂತೋಷದ ಹಿಂದೆಯೇ ಒಂದು ಸಣ್ಣ ಸಂಕಟವೂ ಬಂತು. ಎರಡನ್ನೂ ನುಂಗಿಕೊಂಡು ಕೆಂಡ ಕೇಳಿದ.

ಅವತ್ತೇ ಬಾಣದ ಎಣ್ಣೆ ಹೆರೆದು, ಕಾಸಿ, ಹದವಾಗಿ ಒತ್ತಿ ನೆಟ್ಟಗೆ ಮಾಡಿದ. ಹೊಸ ಎಣ್ಣೆ ಸವರಿ ಬಿಸಿಲಿಗಿಟ್ಟ. ಬುಡವನ್ನು ಎಂದಿನಂತೆ ಹಾಗೇ ಬಿಟ್ಟ. ಬಾಣ ಬಾಗಿಲ ಮೇಲೆ ಹೋಯಿತು, ಹೊನ್ನೂರಮ್ಮನ ಮುಖ ಅರಳಿತು, ಮಲ್ಲಯ್ಯ ಮಾವನಿಗೆ ಬೀಡಿ ಹಚ್ಚಿಕೊಟ್ಟ. ಮರುದಿನ ಬೆಳಗ್ಗೆ ಗದ್ದೆಯ ಮಂಜು ಅಂಗಳ ದಾಟಿ ನಡುಮನೆಯ ತನಕ ಬಂತು. ಅದರ ಮರುದಿನವೂ ಬಂತು. ಮಂಜು ಕರಗುವಷ್ಟರಲ್ಲಿ ಬಾಣ ಮತ್ತೆ ಬಾಗಿತ್ತು.

ಪಾರಮ್ಮ ಅದನ್ನು ನೋಡಿ, "ಕಾಲ್ಗುಣಕ್ಕ ಎಣ್ಣಿ ಹಚ್ಚಿದ್ರ ಹೋಗತೈತೇನು" ಎಂದು ಗೋಡೆಗೆ ಹೇಳಿದಳು. ಗೋಡೆಗೆ ಹೇಳಿದ ಮಾತು ಸೊಸೆಗೂ ಕೇಳಿಸಿತು, ಬೀಗನಿಗೂ ಕೇಳಿಸಿತು. ಸುಂಕಣ್ಣನ ಪಿತ್ತ ನೆತ್ತಿಗೇರಿತು, ಆದರೆ ಹೆಣ್ಣು ಕೊಟ್ಟವನ ಬಾಯಿಗೆ ಬೀಗ ಮದುವೆಯ ದಿನವೇ ಬಿದ್ದಿರುತ್ತದೆ. ಮಗಳ ಮನೆಯ ಅನ್ನ ಎಷ್ಟು ದಿನವೆಂದು ತಿನ್ನುವುದು? ಮಹಾನವಮಿ ಹತ್ತಿರ ಬಂದಿತ್ತು. ಇನ್ನೊಮ್ಮೆ ಕಾಸಿದರೆ ಕಟ್ಟಿಗೆ ಸೀಳುತ್ತದೋ ಏನೋ ಎಂಬ ಭಯ ಬೇರೆ.

ಮಧ್ಯಾಹ್ನ ಎಲ್ಲರೂ ಗದ್ದೆಗೆ ಹೋದಾಗ ಅವನು ನಡುಮನೆಯಲ್ಲಿ ಬಾಗಿಲ ಎದುರಿಗೇ ಚಾಪೆ ಹಾಸಿಕೊಂಡು ಒರಗಿದ. ಮೇಲೆ ಆ ಎರಡು ಬಾಣ, ಹೊರಗೆ ನೀರು ಹರಿಯುವ ಸದ್ದು. ಯಾವಾಗ ಕಣ್ಣು ಕೂಡಿತೋ ತಿಳಿಯಲಿಲ್ಲ.

ಅವನು ಮಾಡಿದ ಬಾಣಗಳೆಲ್ಲ ಭತ್ತದ ಗದ್ದೆಯಲ್ಲಿ ಇಳಿದಿದ್ದವು. ಗರಿ ಇದ್ದ ಕಡೆ ಕೆಳಗೆ, ಮೊನೆ ಮೇಲೆ, ಬೆಳ್ಳಕ್ಕಿಯ ಹಿಂಡಿನಂತೆ ಸಾಲಾಗಿ ನಿಂತಿದ್ದವು. ಒಂದೂ ಅಲುಗುತ್ತಿರಲಿಲ್ಲ. ಏನು ಮಾಡ್ತೀರೋ ಎಂದು ಅವನು ಬದುವಿನ ಮೇಲೆ ಕೂತು ಕೇಳಿದ. ಉತ್ತರವಾಗಿ ಸಣ್ಣಗೆ ಚೀಪುವ ಸದ್ದು ಕೇಳಿತು. ನೀರು ಕುಡಿಯುತ್ತಿದ್ದವು. ಕುಡಿದು ಕುಡಿದು ಭಾರವಾಗಿ ಒಂದೊಂದೇ ತಲೆ ವಾಲಿಸಿದವು. ಅವನ ಹೆಂಡತಿ ಮೊಣಕಾಲ ತನಕ ಸೀರೆ ಎತ್ತಿಕೊಂಡು ನೀರಿನಲ್ಲಿ ನಡೆದು ಬಂದಳು, ಒಂದೇ ಒಂದು ನೆಟ್ಟಗಿದ್ದ ಬಾಣವನ್ನು ಕಿತ್ತು ಅವನ ಮುಂದೆ ಹಿಡಿದಳು. "ಇದಕ್ಯಾಕ ನೀರಡಿಕಿ ಇಲ್ಲ, ನೋಡು" ಎಂದಳು. ಅದರ ಬುಡ ಕೆಂಪಗಿತ್ತು.

ಸುಂಕಣ್ಣ ಕಣ್ಣು ಬಿಟ್ಟ. ಎದುರಿನ ಬೆಳಕಿಂಡಿಯಿಂದ ಇಳಿಬಿಸಿಲು ಬಂದು ಪಾರಮ್ಮನ ಬಾಣದ ಬುಡಕ್ಕೆ ಬಿದ್ದಿತ್ತು, ಅಲ್ಲಿ ಏನೋ ಕೆಂಪಗೆ ಮಿನುಗುತ್ತಿತ್ತು. ಕನಸಿಗಿಂತ ಮೊದಲೇ ಅವನ ಕಣ್ಣು ಅದನ್ನು ಕಂಡಿರಬೇಕು, ತಲೆಗೆ ಹೇಳುವುದನ್ನು ಮಾತ್ರ ಮರೆತಿತ್ತು. ಎದ್ದು ಮಣೆಯ ಮೇಲೆ ಮಣೆ ಇಟ್ಟು ಹತ್ತಿ, ಆ ಬಾಣವನ್ನು ಇಳಿಸಿದ.

ಬುಡಕ್ಕೆ ಅರಗು ಮೆತ್ತಿತ್ತು. ಅಪ್ಪನ ಕೈಯ ಅರಗಲ್ಲ ಅದು. ಅಪ್ಪ ಬಳಸುತ್ತಿದ್ದುದು ಕಂದು ಅರಗು. ಇದು ಕೆಂಪು, ಒಳಗೆ ಸಾಸಿವೆಗಿಂತ ಸಣ್ಣ ಕನ್ನಡಿ ಚೂರುಗಳು, ಬಳೆಗಾರರು ಬಳೆಗೆ ಕೂರಿಸುವಂಥವು. ಮೇಲೆ ಬೆರಳು ಒತ್ತಿದ ಗುರುತು, ಹೆಂಗಸಿನ ಸಣ್ಣ ಬೆರಳು.

"ಅದನ್ಯಾಕ ಮುಟ್ಟಿದ್ರಿ, ಬೀಗರ?"

ಪಾರಮ್ಮ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಹೊನ್ನೂರಮ್ಮ. ಸುಂಕಣ್ಣ ಬುಡವನ್ನು ಬೆಳಕಿಗೆ ತಿರುಗಿಸಿದ.

"ನಮ್ಮಪ್ಪ ಬುಡಕ್ಕ ಅರಗು ಹಾಕ್ತಿರಲಿಲ್ಲ, ಬೀಗತಿ."

ಅವನು ಜೋರಾಗಿ ಹೇಳಲಿಲ್ಲ. ಹೇಳಬಹುದಿತ್ತು. ಇಡೀ ಬಳಗ ಕಣ್ಣಿಗೊತ್ತಿಕೊಳ್ಳುವ ಬಾಣದ ಗುಟ್ಟು ಅವನ ಕೈಯಲ್ಲಿತ್ತು, ಗೋಡೆಗೆ ಹೇಳಿದ ಮಾತಿನ ಉರಿ ಇನ್ನೂ ಎದೆಯಲ್ಲಿತ್ತು. ಆದರೆ ಪಾರಮ್ಮನ ಮುಖ ನೋಡಿದ ಮೇಲೆ ದನಿ ಏರಲಿಲ್ಲ. ಅವಳು ಕೊಡ ಇಳಿಸಿ, ಹೊಸ್ತಿಲ ಮೇಲೆ ಕೂರಬಾರದೆಂಬುದನ್ನೂ ಮರೆತು ಅಲ್ಲೇ ಕುಸಿದು ಕೂತಳು.

"ಕಾಲಿವಿಗೆ ಮೊದಲ ಸಲ ನೀರು ಬಿಟ್ಟ ವರ್ಷ," ಎಂದಳು. "ಊರೆಲ್ಲಾ ಹಬ್ಬ ಮಾಡಿದ್ರು. ನನ್ನ ಹೊಟ್ಟ್ಯಾಗ ಮಲ್ಲಯ್ಯ ಇದ್ದ. ಆ ಮಳಿಗಾಲದಾಗ ನನ್ನ ಬಾಣಾನೂ ಬಾಗಿತ್ತು ಬೀಗರ. ನಮ್ಮತ್ತೀಗೆ ಕಣ್ಣು ಮಂದ, ಕಾಣಲಿಲ್ಲ. ನಾನಾ ಒಲಿ ಮುಂದ ಕಾಸಿದೆ, ನಾನಾ ಒತ್ತಿದೆ. ಬುಡ ಕೈಗೆ ತಣ್ಣಗ ಹತ್ತಿತು, ಇಲ್ಲಿಂದಾ ನೀರು ಕುಡೀತೈತಿ ಅಂತ ತಿಳೀತು. ಕೈಯಾಗಿನ ಬಳಿ ಕರಗಿಸಿ ಒತ್ತಿಬಿಟ್ಟೆ. ಯಾರಿಗೂ ಹೇಳಲಿಲ್ಲ, ಮಲ್ಲಯ್ಯನ ಅಪ್ಪಗೂ ಹೇಳಲಿಲ್ಲ. ಇಳಿಸಿ ನೋಡಾವರು ನೆಟ್ಟಗೈತೋ ಇಲ್ಲೋ ಅಂತ ನೋಡ್ತಿದ್ರು, ಬುಡ ನೋಡ್ತಿರಲಿಲ್ಲ. ಆಮ್ಯಾಲ ಮಂದಿ ಬಂದು ಅದಕ್ಕ ಕೈ ಮುಗಿಯಾಕ ಹತ್ತಿದ್ರು. ಆಗ ಹೆಂಗ ಹೇಳಲಿ?"

ಹೊನ್ನೂರಮ್ಮ ಅತ್ತೆಯ ಪಕ್ಕ ಕೂತಳು. ಅವಳಿಗೆ ಸಿಟ್ಟು ಬಂದಿತ್ತು, ಬರಲೇಬೇಕು. "ಎಲ್ಲಾ ಗೊತ್ತಿದ್ದೂ ನನ್ನ ಕಾಲ್ಗುಣ ಅಂದ್ರೇನತ್ತಿ?"

"ಅಂದೆ ಮಗಳ. ನಿನ್ನ ಬಾಣದ ಕಾರಣ ಹೇಳಿದ್ರ ನಂದೂ ಹೇಳಬೇಕಾಗತಿತ್ತು. ಅಂಜಿಕಿ ಆತು. ದಿನಾ ಬೆಳಗಾದ್ರ ನಿನ್ನ ಮಾರಿ ನೋಡಾಕ ನನಗ ಧೈರ್ಯ ಇರಲಿಲ್ಲ." ಪಾರಮ್ಮ ಸೊಸೆಯ ಮಂಡಿಯ ಮೇಲೆ ಕೈ ಇಟ್ಟಳು. ಹುಡುಗಿ ಆ ಕೈಯನ್ನು ತಕ್ಷಣ ಹಿಡಿಯಲಿಲ್ಲ, ಸರಿಸಲೂ ಇಲ್ಲ.

ಸುಂಕಣ್ಣ ಬಾಗಿದ ಬಾಣವನ್ನು ಇಳಿಸಿ ಬುಡಕ್ಕೆ ಕೆನ್ನೆ ಹಚ್ಚಿ ನೋಡಿದ. ತಣ್ಣಗಿತ್ತು. ಇಷ್ಟು ವರ್ಷ ಬಾಣ ಮಾಡಿದವನು, ಉಸಿರು ಹೋಗಲೆಂದು ಬಿಟ್ಟ ದಾರಿಯಲ್ಲಿ ನೀರು ಬರುತ್ತದೆಂದು ಅರಿಯದೆ ಹೋದ. ಒಣ ಗುಡ್ಡದಲ್ಲಿ ಕೂತವನಿಗೆ ಅದು ಹೇಗೆ ಹೊಳೆಯಬೇಕು? ಈಗ ಹೊಳೆದ ಮೇಲೂ ಕೈ ಏಳಲಿಲ್ಲ. ಅಪ್ಪನ ಮಾತು ಅಡ್ಡ ನಿಂತಿತ್ತು.

"ಮುಚ್ಚಿದ್ರ ತವರಿನ ಬಾಯಿ ಮುಚ್ಚಿದಂಗ ಅಂತಿದ್ದ ನಮ್ಮಪ್ಪ," ಎಂದ. "ನನಗಿರಾಕಿ ಇಕಿ ಒಬ್ಬಾಕಿ."

"ನಾನೂ ಹಂಗಾ ಅಂದಕೊಂಡಿದ್ದೆ," ಎಂದಳು ಪಾರಮ್ಮ. "ಬುಡ ಮುಚ್ಚಿ ಕಣ್ಣೀರು ಹಾಕಿದೆ, ಇನ್ನ ನಮ್ಮವ್ವ ಬರಂಗಿಲ್ಲ ಅಂತ. ಎರಡು ವಾರಕ್ಕ ದೇಶನೂರಿಂದ ಬಂಡಿ ಹೂಡಿಸಿಕೊಂಡು, ಹುರಿದ ಶೇಂಗಾ ಕಟ್ಟಿಗೊಂಡು ಬಂದ್ಲು. ಬರೂ ಉಸುರು ಹೆಂಗಾರ ಬರತೈತಿ, ಬೀಗರ. ನೀವೂ ಬಸ್ಸು ಹತ್ತಿ ಬಂದೀರಲ್ಲ."

ಅವಳು ಮುಂಗೈಯ ಅರಗಿನ ಬಳೆಯೊಂದನ್ನು ಕಳಚಿದಳು. ಮುತ್ತೈದೆಯ ಬಳೆ ಒಡೆಯಬಾರದು, ಒಡೆದರೂ ಹೆಚ್ಚಾಯಿತು ಎನ್ನಬೇಕು. ಅವಳು ಒಡೆಯಲಿಲ್ಲ, ಇಡಿಯಾಗಿ ಸುಂಕಣ್ಣನ ಅಂಗೈಯಲ್ಲಿಟ್ಟಳು.

ಬಾಣವನ್ನು ಕಾವಿಗೆ ಹಿಡಿದು ಒಳಗಿನ ತೇವ ಹೋಗುವ ತನಕ ತಿರುಗಿಸಿದ. ಈ ಸಲ ಆತುರಪಡಲಿಲ್ಲ. ನೆಟ್ಟಗಾದ ಮೇಲೆ ಎಣ್ಣೆ ಸವರಿದ. ಎರಡು ಬಿಸಿಲು ಕಂಡು ಎಣ್ಣೆ ಒಣಗಿತು, ಮೇಣ ತಿಕ್ಕಿದ. ಕಡೆಗೆ ಸೌಟಿನಲ್ಲಿ ಬಳೆ ಕರಗಿ ಕೆಂಪಗೆ ನೊರೆಯೆದ್ದಾಗ ಕೆಂಡದಿಂದ ಇಳಿಸಿದ. ಆಮೇಲೆ ಯಾರೂ ಹೇಳಿಕೊಡದ ಒಂದು ಕೆಲಸ ಮಾಡಿದ. ಕಣ್ಣು ಮುಚ್ಚಿ ಕುರುಗೋಡನ್ನು ನೆನೆಸಿಕೊಂಡ, ಬಿಸಿಲಿಗೆ ಕಾದ ಬಂಡೆ, ಎಣ್ಣೆಯ ಹೊಗೆ, ಹೊಗೆಯೊಳಗೆ ಪುಳ್ಳೆ ಸರಿಸುವ ಹೆಂಡತಿ. ಎದೆ ತುಂಬ ಉಸಿರೆಳೆದುಕೊಂಡು ಬುಡಕ್ಕೆ ಬಾಯಿ ಹಚ್ಚಿ ಊದಿದ, ಮರುಕ್ಷಣವೇ ಅರಗಿಗೆ ಅದ್ದಿ ಹೆಬ್ಬೆರಳಿನಿಂದ ಒತ್ತಿ ಹಿಡಿದ. ಬೆರಳು ಸುಟ್ಟಿತು, ಬಿಡಲಿಲ್ಲ. ಅಷ್ಟು ಸಣ್ಣ ಕಟ್ಟಿಗೆಯೊಳಗೆ ಉಸಿರು ಹೋಗುತ್ತದೆಯೇ ಎಂದು ಕೇಳುವವರು ಕೇಳಿಕೊಳ್ಳಲಿ. ಹೊನ್ನೂರಮ್ಮ ಕೇಳಲಿಲ್ಲ. ಅವಳು ನೋಡುತ್ತ ನಿಂತಿದ್ದಳು, ಅವಳ ಕಣ್ಣಿನಿಂದ ನೀರು ಹರಿಯುತ್ತಿತ್ತು.

ಮಂಜು ಬಂತು, ಹೋಯಿತು, ಮತ್ತೆ ಬಂತು. ಬಾಣ ಅಲುಗಲಿಲ್ಲ. ಮಹಾನವಮಿಯ ದಿನ ಅಣ್ಣತಮ್ಮಂದಿರು ಬಂದು ಇಳಿಸಿ, ಒಬ್ಬೊಬ್ಬರೂ ಒಂದು ಕಣ್ಣು ಮುಚ್ಚಿ ನೇರ ಹಿಡಿದು ನೋಡಿದರು. ಹಿರಿಯನೊಬ್ಬ ಬುಡ ಸವರಿ, "ಇದೇನು ಕೆಂಪಗ?" ಎಂದ. ಪಾರಮ್ಮನ ಬಾಣದ ಬುಡವೂ ಕೆಂಪಗೇ ಇತ್ತು. ಅವನು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ಈ ಮನೆಯ ಪದ್ಧತಿಯೇ ಹೀಗೆ ಇರಬೇಕೆಂದು ತಲೆಯಾಡಿಸಿದ. ಹೊನ್ನೂರಮ್ಮ ಆರತಿ ಎತ್ತಿದಳು. ಮಲ್ಲಯ್ಯ ಅವಳನ್ನು ನೋಡಿ ಕಣ್ಣು ಮಿಟುಕಿಸಿದ್ದನ್ನು ಮಾವ ನೋಡಿಯೂ ನೋಡದವನಂತಿದ್ದ.

ಉಂಡು ಎಲ್ಲರೂ ಹೋದ ಮೇಲೆ ಸುಂಕಣ್ಣ ಊರಿಗೆ ಹೊರಡಲು ಚೀಲ ಕಟ್ಟುತ್ತಿದ್ದ. ಪಾರಮ್ಮ ಬಂದಳು. ಅವಳ ಎರಡು ಕೈಯಲ್ಲೂ ಅವಳ ಬಾಣವಿತ್ತು, ಮದುವೆಯ ದಿನ ಹಿಡಿದಂತೆ. 

"ಬೀಗರ," ಎಂದಳು, "ನಮ್ಮಪ್ಪನೂ ಹೋದ, ನಮ್ಮವ್ವನೂ ಹೋದಳು. ನಾ ಇದನ್ನ ಅಂಜಿಕೊಂತ ಮುಚ್ಚಿದಾಕಿ. ನಂದರಾಗ ಯಾರೂ ಊದಿಲ್ಲ."

ಸಿರುಗುಪ್ಪದ ಬಸ್ಸಿಗೆ ಹೊತ್ತಾಗಿತ್ತು. ಸುಂಕಣ್ಣ ಚೀಲವನ್ನು ಗೋಡೆಗೆ ಒರಗಿಸಿ, ಆ ಬಾಣವನ್ನು ಕೈಗೆ ತೆಗೆದುಕೊಂಡ.

"ಹೊನ್ನೂರೀ," ಎಂದು ಒಳಗೆ ಕೂಗಿದ, "ಒಂದೀಟು ಕೆಂಡ ತಾರವ್ವ. ನಿಮ್ಮತ್ತೀದು ಒಂದು ಕೆಲಸ ಉಳಿದೈತಿ."